ಅಪ್ಪನ ಹೆಸರಿನ ಕರೆಂಟ್ ಬಿಲ್ಲು, ನನ್ನ ರಫ್ತು ನಂಬರು

ಸತ್ತವರು ಎಲ್ಲಿಗೆ ಹೋಗುತ್ತಾರೆ ಎಂಬುದರ ಬಗ್ಗೆ ಹಿರಿಯರು ಏನೇನೋ ಹೇಳಿದ್ದಾರೆ. ನಾನು ಕಂಡ ಮಟ್ಟಿಗೆ ಅವರು ಎಲ್ಲಿಗೂ ಹೋಗುವುದಿಲ್ಲ, ಮನೆಯ ಕರೆಂಟ್ ಬಿಲ್ಲಿನಲ್ಲಿ ಇರುತ್ತಾರೆ. ನಮ್ಮ ಸಿದ್ಧಾರ್ಥನಗರದ ರಸ್ತೆಯಲ್ಲಂತೂ ಬದುಕಿರುವವರಿಗಿಂತ ಹೋದವರೇ ಹೆಚ್ಚು ಕರೆಂಟು ಉರಿಸುತ್ತಿದ್ದಾರೆ. ಮಗನಾದವನು ಮನೆಯ ಬಣ್ಣ ಬದಲಾಯಿಸುತ್ತಾನೆ, ಗೇಟು ಬದಲಾಯಿಸುತ್ತಾನೆ, ಬಿಲ್ಲಿನ ಹೆಸರಿನ ತಂಟೆಗೆ ಮಾತ್ರ ಹೋಗುವುದಿಲ್ಲ. ನಾನೂ ಹೋಗುತ್ತಿರಲಿಲ್ಲ, ನನ್ನ ಹಣೆಬರಹಕ್ಕೆ ಸಮುದ್ರದಾಚೆಯಿಂದ ಒಂದು ಆರ್ಡರು ಬರದೇ ಇದ್ದಿದ್ದರೆ.

ನಾನು ಮೈಸೂರು ಪೇಟ ಕಟ್ಟಿ ಮಾರುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೊದಲೆಲ್ಲ ಸನ್ಮಾನ ಮಾಡಿಸಿಕೊಂಡವರು ಪೇಟವನ್ನು ಮನೆಗೆ ಒಯ್ದು ಗಾಜಿನ ಬೀರುವಿನಲ್ಲಿ ಇಡುತ್ತಿದ್ದರು. ಈಗ ಹಾಗಿಲ್ಲ. ಒಬ್ಬರ ತಲೆಗೆ ಇಟ್ಟು ಫೋಟೋ ತೆಗೆದು, ಅವರು ಮೆಟ್ಟಿಲಿಳಿಯುವುದರೊಳಗೆ ಅದೇ ಪೇಟವನ್ನು ಮುಂದಿನವರ ತಲೆಗೆ ಏರಿಸುತ್ತಾರೆ. ಊರಿನ ಗಣ್ಯರೆಲ್ಲ ಒಂದೇ ಪೇಟದಲ್ಲಿ ಬೆವರಿ ಮುಗಿಸಿದರೆ ನನ್ನ ಗತಿಯೇನು? ಅಂಗಡಿ ಮುಚ್ಚಿ ಯಾವುದಾದರೂ ಅಪಾರ್ಟ್‌ಮೆಂಟಿನ ಗೇಟು ಕಾಯಲು ಹೋಗಬೇಕು ಎಂದು ಮನಸ್ಸು ಕಲ್ಲು ಮಾಡಿಕೊಂಡಿದ್ದಾಗಲೇ, ಕೊಲ್ಲಿ ದೇಶದ ಒಂದು ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಪೇಟ ಬೇಕೆಂದರು. ವರ್ಷವರ್ಷವೂ ತೆಗೆದುಕೊಳ್ಳುತ್ತೇವೆ, ಆದರೆ ನಿಮ್ಮ ಹತ್ತಿರ ಆಮದು-ರಫ್ತು ನಂಬರು ಇರಬೇಕು ಎಂದರು. ಆ ನಂಬರಿಲ್ಲದೆ ಕಸ್ಟಮ್ಸಿನವರು ಕಟ್ಟನ್ನು ಬಿಡುವುದಿಲ್ಲವಂತೆ.

ಕುವೆಂಪುನಗರದ ಆಡಿಟರ ಬಳಿ ಹೋದೆ. "ಅಂಗಡಿ ವಿಳಾಸಕ್ಕೆ ಕರೆಂಟ್ ಬಿಲ್ ಕೊಡಿ" ಎಂದರು. ಕೊಟ್ಟೆ.

"ಪುಟ್ಟಬಸಪ್ಪ ಅಂದ್ರೆ ಯಾರು?"

"ನಮ್ಮ ತಂದೆ ಸಾರ್."

"ಸರಿ, ನಮ್ಮದೇನೂ ಅಭ್ಯಂತರ ಇಲ್ಲ ಅಂತ ಅವರ ಕೈಲಿ ಒಂದು ಪತ್ರ ಬರೆಸ್ಕೊಂಡು ಬನ್ನಿ."

"ಅವರು ತೀರಿಕೊಂಡು ಬಹಳ ವರ್ಷ ಆಯ್ತು ಸಾರ್."

ಆಡಿಟರು ಕನ್ನಡಕ ತೆಗೆದರು. "ಮತ್ತೆ ಇಷ್ಟು ವರ್ಷ ಏನ್ರೀ ಮಾಡ್ತಿದ್ರಿ? ಹೋಗಿ, ಮೊದಲು ಬಿಲ್ಲನ್ನ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ. ತಾಯಿಯವರ ಒಪ್ಪಿಗೆ ಸಹಿ ಇದ್ರೆ ಆಗೋಗುತ್ತೆ."

ಆಗೋಗುತ್ತೆ ಎನ್ನಲು ಅವರಿಗೇನು, ನಮ್ಮಮ್ಮನನ್ನು ಅವರು ಕಂಡಿದ್ದಾರೆಯೇ? ತಿಂಗಳ ಬಿಲ್ಲು ಬಂದ ಕೂಡಲೇ ನಮ್ಮಮ್ಮ ಅದನ್ನು ಅಪ್ಪನ ಫೋಟೋದ ಮುಂದಿಟ್ಟು, "ನಿಮ್ ಬಿಲ್ ಬಂತು ನೋಡಿ" ಎನ್ನುತ್ತಾಳೆ. ಅಪ್ಪ ನೋಡಿಯಾದ ಮೇಲೆ, ಅಂದರೆ ಮಧ್ಯಾಹ್ನದ ಊಟವಾದ ಮೇಲೆ, ಅದು ನನ್ನ ಕೈಗೆ ಬರುತ್ತದೆ. ಬದುಕಿದ್ದಾಗ ಅಪ್ಪ ಒಂದು ಬಿಲ್ಲನ್ನೂ ಕಣ್ಣೆತ್ತಿ ನೋಡಿದವರಲ್ಲ. ಹೋದ ಮೇಲೆ ಒಂದನ್ನೂ ತಪ್ಪಿಸಿದವರಲ್ಲ.

ವಿಷಯ ಎತ್ತಿದೆ. ಅಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ರೇಷನ್ ಕಾರ್ಡಿಂದ ತೆಗೆದ್ಬುಟ್ರಿ. ಗ್ಯಾಸಿಂದ ತೆಗೆದ್ಬುಟ್ರಿ. ಓಟಿನ ಪಟ್ಟಿಯಿಂದ್ಲೂ ತೆಗೆದ್ಬುಟ್ರಿ. ಇದೊಂದಾದ್ರೂ ಇರ್ಲಿ ಬುಡು ಕಣೋ."

"ಅಮ್ಮ, ಆ ರಫ್ತು ನಂಬರು ಸಿಗದಿದ್ರೆ ಅಂಗಡಿ ಮುಚ್ಚಬೇಕಾಗುತ್ತೆ."

"ಅದು ಮಾತ್ರ ಯಾರಪ್ಪ ಹಾಕಿದ್ ಅಂಗಡಿ?"

ಆಮೇಲೆ ಮನೆಯಲ್ಲಿ ಸಾರು ಸಪ್ಪೆಯಾಯಿತು, ಮಾತು ಅದಕ್ಕಿಂತ ಸಪ್ಪೆಯಾಯಿತು. ನನ್ನ ಹೆಂಡತಿ ಸುಮಾ ಬುದ್ಧಿವಂತೆ, ಎರಡೂ ಕಡೆಗೆ ತಲೆಯಾಡಿಸಿಕೊಂಡು ಒಳಗೊಳಗೇ ನಗುತ್ತಿದ್ದಳು. ಸಂಘದವರು ಮಾತ್ರ ದಿನಾ ಫೋನು ಮಾಡುತ್ತಿದ್ದರು. ಕೊನೆಗೊಂದು ಬೆಳಿಗ್ಗೆ ಅಮ್ಮನೇ ನನ್ನ ಮುಂದೆ ಬಂದು ಕೂತಳು.

"ಪೇಟ ಎಲ್ಲಿಗೆ ಹೋಗ್ತವೆ ಅಂದೆ?"

"ಸಮುದ್ರ ದಾಟಿ ಹೋಗ್ತವಮ್ಮ."

"ಅವು ಸಮುದ್ರ ದಾಟ್ಬೇಕು ಅಂದ್ರೆ ನಿಮ್ಮಪ್ಪ ಹೊಸಿಲು ದಾಟ್ಬೇಕು, ಅಲ್ವಾ? ಕೊಡು, ಎಲ್ಲಿ ಹಾಕ್ಬೇಕು ಸೈನು?"

ಹಾಕಿದಳು. ಅವಳ ಮನಸ್ಸು ಬದಲಾಗುವ ಮೊದಲೇ ಕಾಗದ ಎತ್ತಿಕೊಂಡು ಹೊರಟೆ. ಬಿಲ್ಲಿನಲ್ಲಿ ಪುಟ್ಟಬಸಪ್ಪ ಹೋಗಿ ಪಿ. ಮಹೇಶ್ ಎಂಬ ನಾನು ಬಂದೆ. ಆಡಿಟರು ಕಂಪ್ಯೂಟರಿನಲ್ಲಿ ಅರ್ಜಿ ತುಂಬಿದರು, ನಂಬರೂ ಬಂತು. ಎಂಥ ನಂಬರು ಎಂದು ಆಸೆಯಿಂದ ನೋಡಿದರೆ, ನನ್ನ ಪ್ಯಾನ್ ಕಾರ್ಡಿನ ನಂಬರು!

"ಸಾರ್, ಇದು ಮೊದಲೇ ನನ್ನ ಹತ್ರ ಇತ್ತಲ್ಲ?"

"ಈಗ ಎರಡೂ ಒಂದೇ ಕಣ್ರೀ. ಜೇಬಲ್ಲಿದ್ದದ್ದಕ್ಕೇ ಈಗ ಸರ್ಕಾರ ಹೂಂ ಅಂದಿದೆ ಅಷ್ಟೇ" ಎಂದರು ಆಡಿಟರು. ಜೇಬಿನಲ್ಲೇ ಇದ್ದ ನಂಬರಿಗಾಗಿ ಅಪ್ಪನನ್ನು ಆಚೆ ಹಾಕಿ ಬಂದ ಮಗ ನಾನೊಬ್ಬನೇ ಇರಬೇಕು.

ಪೇಟಗಳು ಹೋದವು. ಯಾರ ಯಾರದೋ ತಲೆ ಮೇಲೆ ಕೂತ ಫೋಟೋಗಳೂ ಬಂದವು. ಮುಂದಿನ ವರ್ಷಕ್ಕೂ ನೀವೇ ಎಂದಿದ್ದಾರೆ. ಅಂಗಡಿ ಉಳಿಯಿತು.

ಮುಂದಿನ ತಿಂಗಳು ಮೀಟರು ಓದಲು ಹೊಸಬನೊಬ್ಬ ಬಂದ. ನಾನು ಜಗಲಿಯ ಮೇಲೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಅಮ್ಮ ರಂಗೋಲಿ ಹಾಕುತ್ತಿದ್ದಳು. ಅವನು ಚೀಟಿ ಹರಿದು, "ಪಿ. ಮಹೇಶ್ ಅಂದ್ರೆ ಇದೇ ಮನೆನಾ ಅಜ್ಜಿ?" ಎಂದು ಕೇಳಿದ.

ಅಮ್ಮ ತಲೆಯೆತ್ತಿ ನನ್ನನ್ನೇ ನೋಡಿದಳು, ಚೆನ್ನಾಗಿಯೇ ನೋಡಿದಳು.

"ಅಂಥೋರು ಈ ಮನೇಲಿ ಯಾರೂ ಇಲ್ಲ ಕಣಪ್ಪ" ಎಂದಳು.

ಅವನು ನನ್ನ ಕಡೆ ತಿರುಗಿದ. ಲೋಕದ ಯಾವ ಬಂದರಿಗೆ ಬೇಕಾದರೂ ಸರಕು ಕಳಿಸುವ ಹಕ್ಕು ಪಡೆದವನು ನಾನು. ನನ್ನದೇ ಜಗಲಿಯ ಮೇಲೆ ನಿಂತು, "ನನಗೂ ಗೊತ್ತಿಲ್ಲ ಸ್ವಾಮಿ, ಪಕ್ಕದ ಮನೇಲಿ ಕೇಳಿ ನೋಡಿ" ಎಂದೆ.