ಮೊಮ್ಮಗಳ ಕೆನ್ನೆಯ ಬಿಳಿ ಮಚ್ಚೆ

ಮಗು ಇರುವ ಮನೆಯಲ್ಲಿ ಹೆದರಿಕೆಗೆ ಬರವಿಲ್ಲ. ನಗು ಬರುವುದು ಹೆದರಿಕೆ ಕಳೆದ ಮೇಲೆ. ಈ ಸಲ ಮೊಮ್ಮಗಳ ಎರಡೂ ಕೆನ್ನೆಯ ಮೇಲೆ ಬಿಳಿಚಿದ ಮಚ್ಚೆ ಕಾಣಿಸಿತು. "ತೊನ್ನಾ ಅತ್ತೆ?" ಎಂದು ಸೊಸೆ ಪಿಸುಗುಟ್ಟಿದಳು. "ಛೆ, ಎಂತ ಮಾತು ಆಡ್ತೀಯೆ!" ಎಂದು ಗದರಿದೆ. ಆಮೇಲೆ ನಾನೇ ಮಗುವನ್ನು ಬಾಗಿಲ ಬೆಳಕಿಗೆ ತಂದು ಮತ್ತೆ ಮತ್ತೆ ನೋಡಿದೆ.

೧. ಹೊಟ್ಟೆಯ ಹುಳ

ಮಂಚಿಕೇರಿಯ ನಮ್ಮ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದಲೇ ನೋಡಿ, "ಅದು ಜಂತುಹುಳ. ಹಾಗಲಕಾಯಿ ರಸ ಕುಡಿಸಿ" ಎಂದಳು. ಅರೆದು ಹಿಂಡಿ ಲೋಟ ತುಂಬಿಸಿದೆ.

"ಅಜ್ಜಿ, ನೀ ಮೊದ್ಲು ಕುಡಿ."

ಕುಡಿದೆ. "ಅಪ್ಪನೂ ಕುಡೀಲಿ" ಎಂದಳು. ಅವನೂ ಮುಖ ಹಿಂಡಿಕೊಂಡು ಕುಡಿದ. ಆಮೇಲೆ ಅಮ್ಮ. ಮೊಮ್ಮಗಳು ಖಾಲಿ ಲೋಟ ಬಗ್ಗಿ ನೋಡಿ ಹೇಳಿದಳು: "ನಿಮ್ಮ ಹುಳ ಎಲ್ಲ ಸತ್ತಾಯ್ತು. ನಂದು ಪಾಪ, ಇರ್ಲಿ ಬಿಡಿ."

೨. ಅರಿಶಿನ

ಶಾಲೆಯಲ್ಲಿ ಮಕ್ಕಳು ದೂರ ಕೂತರೆ? ಆ ಚಿಂತೆಗೆ ಮಚ್ಚೆ ಮುಚ್ಚಲೆಂದು ಮುಖಕ್ಕೆಲ್ಲ ಅರಿಶಿನ ಬಳಿದು ಕಳಿಸಿದೆ. ಸ್ವಲ್ಪ ಹೊತ್ತಿಗೇ ಪಾಠ ಮಾಡುವ ಅಕ್ಕೋರ ಫೋನು: "ಬೇಗ ಬನ್ನಿ ಅಜ್ಜಿ, ಮಗುವಿಗೆ ಕಾಮಾಲೆ!"

ಓಡಿಹೋಗಿ ನಲ್ಲಿಯಡಿ ಮುಖ ತೊಳೆಸಿದೆ. ಅಕ್ಕೋರು ನಿಟ್ಟುಸಿರುಬಿಟ್ಟರು. "ಅಬ್ಬ, ಕಾಮಾಲೆ ಇಳೀತು! ಅಲ್ಲ ಅಜ್ಜಿ, ಈ ಬಿಳಿ ಎಂತದು?"

೩. ಕೆಂಪು ಗುರುತು

ನಮ್ಮೂರಿಗೆ ಆಶಾ ಕಾರ್ಯಕರ್ತೆ ಆಗಾಗ ಬರುತ್ತಾಳೆ. "ಮುಟ್ಟಿದರೆ ಗೊತ್ತಾಗದ ಬಿಳಿ ಮಚ್ಚೆ ಯಾರಿಗಾದರೂ ಇದ್ಯಾ? ಇದ್ರೆ ಹೇಳಿ, ಕುಷ್ಠವೋ ಏನೋ ಪರೀಕ್ಷೆ ಮಾಡಿಸ್ಬೇಕು" ಎಂದು ಮನೆಮನೆಯಲ್ಲೂ ಕೇಳುತ್ತಾಳೆ. ಅವಳ ಮಾತು ನೆನಪಾದದ್ದೇ, ನನಗೆ ಅನ್ನ ಸೇರಲಿಲ್ಲ. ಸೊಸೆಗೆ ಹೇಳುವ ಧೈರ್ಯವೂ ಇಲ್ಲ. ಜಡೆ ಹಾಕುವಾಗ ಮಚ್ಚೆಯನ್ನು ಮೆಲ್ಲಗೆ ಚಿವುಟಿದೆ.

"ಅಯ್ಯೋ ಅಜ್ಜೀ!"

ಆ ಕಿರುಚಾಟ ಕೇಳಿ ಜೀವ ಬಂತು. ಆದರೆ ಆಚೆ ಕೆನ್ನೆ? ಅದನ್ನೂ ಚಿವುಟಿದೆ. ನಾಳೆಗೆ ಮರಗಟ್ಟಿದರೆ? ಮರುದಿನವೂ ಚಿವುಟಿದೆ.

ಕೊನೆಗೆ ಯಲ್ಲಾಪುರಕ್ಕೆ ಹೋದೆವು. ಡಾಕ್ಟ್ರು ಮುಖ ತಿರುಗಿಸಿ ತಿರುಗಿಸಿ ನೋಡಿದರು. ಸೊಸೆ ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು.

"ತೊನ್ನೂ ಅಲ್ಲ, ಕುಷ್ಠವೂ ಅಲ್ಲ. ಚರ್ಮ ಒಣಗಿ ಹೀಗಾಗ್ತದೆ, ಎಷ್ಟೋ ಮಕ್ಕಳಿಗೆ ಬರ್ತದೆ. ಮುಲಾಮು ಕೊಡ್ತೇನೆ. ನಿಧಾನಕ್ಕೆ ತಾನೇ ಹೋಗ್ತದೆ."

ಸೊಸೆ ಅಲ್ಲೇ ಅತ್ತಳು. ನಾನೂ ಸೆರಗು ಹುಡುಕಿದೆ. ಅಷ್ಟರಲ್ಲಿ ಡಾಕ್ಟ್ರು ಕನ್ನಡಕ ಏರಿಸಿದರು. "ಬಿಳಿಯದಕ್ಕೆ ಹೆದರ್ಬೇಡಿ. ಈ ಕೆಂಪು ಗುರುತು ಎಂತದು? ಹುಳ ಕಚ್ಚಿದ್ದಾ?"

ಮೊಮ್ಮಗಳು ನನ್ನತ್ತ ಬೆರಳು ಮಾಡಿದಳು. "ಹುಳ ಅಲ್ಲ ಡಾಕ್ಟ್ರೇ, ಅಜ್ಜಿ. ಇದೂ ತಾನೇ ಹೋಗ್ತದಾ, ಮುಲಾಮು ಬೇಕಾ?"