ನಮ್ಮ ಮನೆಯ ಒಂದು ಮತ್ತು ಮೂರು

ಆ ಭಾನುವಾರ ಎಷ್‌ಬಾರ್ನ್‌ನ ನಮ್ಮ ಮನೆಗೆ ಊಟಕ್ಕೆ ಬಂದವರೆಲ್ಲ ಒಳಗೆ ಕಾಲಿಡುತ್ತಲೇ ಪರ್ಸು ಮುಟ್ಟಿ ನೋಡಿಕೊಂಡರು. ನಮ್ಮ ಮನೆಯವರು ಕಳ್ಳರೇ? ಅಯ್ಯೋ, ದುಡ್ಡು ಯಾರಿಗೆ ಬೇಕಿತ್ತು! ನಮ್ಮ ಯಜಮಾನರ ಕಣ್ಣೆಲ್ಲ ಬಂದವರ ಆರೋಗ್ಯ ವಿಮೆಯ ಕಾರ್ಡಿನ ಮೇಲೆ.

ನಮ್ಮನ್ನು ಜರ್ಮನಿಗೆ ತಂದದ್ದು ಆಗ ಅಲ್ಲಿನ ಸರ್ಕಾರ ಕಂಪ್ಯೂಟರ್ ಇಂಜಿನಿಯರುಗಳಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡು. ಅದನ್ನು ಈ ಇಂಜಿನಿಯರ್ ಮಹಾಶಯರು ಒಮ್ಮೆಯೂ ನೆಟ್ಟಗೆ ಓದಲಿಲ್ಲ. ವಿಮೆಯ ಕಾರ್ಡು ಸಿಕ್ಕರೆ ಮಾತ್ರ ಕನ್ನಡಕ ಹಣೆಗೇರಿಸಿ, ಜಾತಕ ನೋಡುವವರ ಹಾಗೆ ಕೂತುಬಿಡುತ್ತಿದ್ದರು. ಅದರಲ್ಲೊಂದು ಅಂಕಿ ಇರುತ್ತದೆ. ದುಡಿದು ಕಂತು ಕಟ್ಟುವವರಿಗೆ ಒಂದು. ಅವರ ನೆರಳಿನಲ್ಲಿರುವ ಹೆಂಡತಿ ಮಕ್ಕಳಿಗೆ ಮೂರು.

"ಎರಡು ಎಲ್ಲಿ ಹೋಯ್ತು?" ಎಂದು ಕೇಳಿದ್ದೆ.

"ನಮ್ಮಿಬ್ಬರ ಮಧ್ಯೆ ನಿನ್ನ ಕೋಪಕ್ಕೆ ಜಾಗ ಬಿಟ್ಟಿದಾರೆ ಕಣೇ."

ಅಂದಿನಿಂದ ನನ್ನ ಹೆಸರೇ ಮೂರು. ಮೂರೂ, ಕಾಫಿ ಆಯ್ತಾ? ಮೂರೂ, ನನ್ನ ಸಾಕ್ಸ್ ಎಲ್ಲಿ? ನನಗೂ ಒಂದಾಗಬೇಕು ಎಂದು ರೇಗಿದರೆ, "ನೀನು ಕೆಲಸ ಹಿಡಿದು ಒಂದಾಗು. ನಾನು ಮೂರಾಗಿ ಆರಾಮಾಗಿ ಮನೇಲಿರ್ತೀನಿ" ಎನ್ನುತ್ತಿದ್ದರು.

ಔಷಧಿ ಡಬ್ಬಿಯ ಮೇಲಿನ ಗುರುತುಗಳನ್ನೂ ಬಿಟ್ಟವರಲ್ಲ. ಎನ್-ಒಂದು ಎಂದರೆ ಚಿಕ್ಕ ಡಬ್ಬಿ, ಎನ್-ಮೂರು ದೊಡ್ಡದು. ನನ್ನ ಕೆಮ್ಮಿಗೆ ಡಾಕ್ಟರು ಚಿಕ್ಕದನ್ನು ಬರೆದುಕೊಟ್ಟಾಗ ಇವರಿಗೆ ಅವಮಾನವಾಯಿತು. ತಮ್ಮ ಹೆಂಡತಿಯ ಕೆಮ್ಮು ಅಷ್ಟು ಸಣ್ಣದಲ್ಲವೆಂದು ಅಪೋಥೆಕೆಯಲ್ಲಿ ನಿಂತು ವಾದಿಸಿದರು. ಔಷಧಿ ಕೊಡುವ ಹೆಂಗಸು ಚಿಕ್ಕದನ್ನೇ ಕೊಟ್ಟಳು. ಅದು ಮುಗಿಯುವ ಮೊದಲೇ ಕೆಮ್ಮು ನಿಂತುಹೋಯಿತು. ಅದಕ್ಕೂ ಮುನಿಸು ನನ್ನ ಮೇಲೆ!

ಆ ಭಾನುವಾರ ಸಿಕ್ಕಿಬಿದ್ದವನು ಅವರ ಆಫೀಸಿನ ಹುಡುಗ. ಹೊಸದಾಗಿ ಮದುವೆಯಾದವನು. ಕಾರ್ಡು ಕಸಿದು ನೋಡಿದವರೇ ಹುಬ್ಬೇರಿಸಿದರು.

"ಏನ್ ಗುರು, ನೀನೂ ಮೂರಾ? ಯಾವಾಗಿಂದ ಹೆಂಡ್ತಿ ದುಡಿಮೇಲಿ ಕೂತು ತಿಂತಿದೀಯ?"

"ಅಯ್ಯೋ, ಅದು ಅವಳ ಕಾರ್ಡು ಸಾರ್. ನಾಳೆ ಹಲ್ಲು ಕೀಳಿಸೋಕೆ ಇದನ್ನೇ ತಗೊಂಡು ಹೋಗ್ತಿದ್ದೆ."

"ಹೋಗು. ಅವಳ ಹಲ್ಲು ಕೀಳ್ತಾರೆ."

ಪಾಯಸ ಬಡಿಸುತ್ತಿದ್ದ ನನಗೆ ನಗು ತಡೆಯಲಾಗದೆ ಸೌಟು ಪಾತ್ರೆಯೊಳಗೆ ಬಿತ್ತು. ಎಲ್ಲರೂ ಹೋದ ಮೇಲೆ ಇವರೇ ಅಂಗಿಯ ತೋಳು ಮಡಿಸಿ ಅದನ್ನು ಎತ್ತಿಕೊಟ್ಟರು.

ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊರಟವರು ಎಸ್-ಬಾನ್ ರೈಲಿನ ಪ್ಲಾಟ್‌ಫಾರ್ಮಿನಲ್ಲೇ ಕುಸಿದರು. ಹೃದಯ ನಿಂತಿತ್ತು.

ನಾನೀಗ ಒಂದು ಶಿಶುವಿಹಾರದ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ಮೊನ್ನೆ ಹೊಸ ಕಾರ್ಡುಗಳು ಬಂದವು. ಮಗಳು ಪುಟ್ಟಿ ಎರಡನ್ನೂ ಮೇಜಿನ ಮೇಲಿಟ್ಟು, ಅಪ್ಪನ ಹಾಗೆಯೇ ಬಗ್ಗಿ ಜರ್ಮನ್‌ನಲ್ಲಿ ಓದಿದಳು: "ಮಾಮಾ ಐನ್ಸ್. ಇಷ್ ದ್ರೈ."

ಹೌದು, ನಾನು ಒಂದು, ಅವಳು ಮೂರು. ನಾನು ಒಂದಾದರೆ ಮನೆಯಲ್ಲಿ ಆರಾಮಾಗಿ ಇರುತ್ತೇನೆಂದವರು ಇಲ್ಲ. ಕಾಫಿ ಆಯಿತು. ಮೂರೂ ಎಂದು ಯಾರೂ ಕರೆಯಲಿಲ್ಲ.