ಮಾಮಾ ಬಿದ್ದದ್ದು ಹೇಗೆಂದರೆ

ನನ್ನ ಸೋದರಮಾವನಷ್ಟು ಚೆನ್ನಾಗಿ ಬೀಳುವವರು ಚಿಕ್ಕೋಡಿಯಿಂದ ಅಥಣಿಯವರೆಗೆ ಹುಡುಕಿದರೂ ಸಿಗಲಾರರು. ಹಾರುವವರು ಬೇಕಾದರೆ ಸಿಕ್ಕಾರು. ಆದರೆ ಬಿದ್ದ ಮೇಲೆ ಧೂಳು ಕೊಡವಿಕೊಂಡು, ‘ತಪ್ಪು ನಂದ’ ಎಂದು ಊರಿಗೆಲ್ಲ ಸಾರುವವರು?

ಭೋಜದಲ್ಲಿ ಕಬ್ಬು ಬೆಳೆಯುವ ಮಾಮಾ, ಐವತ್ತು ದಾಟಿದ ಮೇಲೆ ಮಹಾರಾಷ್ಟ್ರಕ್ಕೆ ಹೋಗಿ ಪ್ಯಾರಾಗ್ಲೈಡಿಂಗ್ ಕಲಿತು ಬಂದರು. ನಿಪ್ಪಾಣಿ ಕಡೆಯ ಗುಡ್ಡದ ಮೇಲೆ ಬಟ್ಟೆಯ ರೆಕ್ಕೆ ಬಿಚ್ಚಿ, ಓಡಿ, ಗಾಳಿಗೇರುತ್ತಾರೆ. ಇಳಿಯುವುದು ಮಾತ್ರ ಗಾಳಿಯ ಇಷ್ಟ!

ಒಮ್ಮೆ ಕೆಳಗೆ ಯಾರೋ ರವದಿ, ಅಂದರೆ ಕಬ್ಬಿನ ಒಣ ಎಲೆ, ಸುಡುತ್ತಿದ್ದರು. ಬಿಸಿಗಾಳಿ ಮೇಲಕ್ಕೆತ್ತುತ್ತದೆಂದು ತರಬೇತಿಯಲ್ಲಿ ಕೇಳಿದ್ದ ಮಾಮಾ ನೆಟ್ಟಗೆ ಆ ಹೊಗೆಯತ್ತ ಹೊರಟರು. ಎತ್ತಿತು, ನಿಜ. ಆಮೇಲೆ ಕೆಳಕ್ಕೆ ಒಗೆಯಿತು ಕೂಡ! ಪಕ್ಕದ ಆಳೆತ್ತರದ ಕಬ್ಬಿನ ನಡುವೆ ಬಿದ್ದವರನ್ನು, ಕಬ್ಬು ಕಡಿಯುವ ಹೆಂಗಸರು ದಾರಿ ಮಾಡಿ ಹೊರತಂದರು.

“ಯಪ್ಪಾ, ಮ್ಯಾಲಿಂದ ಬರೂದಿದ್ರ ಒಂದು ಫೋನ್ ಮಾಡಬಾರದೇನ್ರಿ?” ಎಂದಳು ಒಬ್ಬಾಕೆ.

“ಮಾಡತಿದ್ನಿ ಬೇ, ಎರಡೂ ಕೈಯಾಗ ಹಗ್ಗ ಇದ್ದುವಲ್ಲ!”

ಮನೆಯಲ್ಲಿ ಅತ್ತೆ ಉಪ್ಪು, ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯಲು ನಿಂತಿದ್ದರು. ನಮ್ಮಲ್ಲಿ ಯಾರು ಬೈಕಿನಿಂದ ಬಿದ್ದರೂ ಅಪರಾಧಿ ಯಾರದೋ ಕಣ್ಣು! ಮಾಮಾ ಒಪ್ಪಲಿಲ್ಲ.

“ತಪ್ಪು ಮಂದಿ ಕಣ್ಣಿನ ಮ್ಯಾಲ ಹಾಕಿದ್ರ, ನಾ ಮುಂದಿನ ಸಲಾನೂ ಹೊಗಿ ಮ್ಯಾಲ ಹೋಗತೇನಿ.”

“ಹಂಗಾರ ಸುಮ್ಮ ಕುಂಡ್ರರಿ. ನಿಮ್ಮ ತಪ್ಪಿಗೇ ದೃಷ್ಟಿ ತಗೀತೇನಿ.” ತೆಗೆದೇಬಿಟ್ಟರು!

ಸಂಜೆ ಚಹಾದಂಗಡಿಯಲ್ಲಿ ಮಾಮಾ ತಾವು ಬಿದ್ದ ಬಗೆಯನ್ನು ಕೈಕಾಲು ಆಡಿಸಿ ಹೇಳಿದರು. ಜೊತೆಗೆ ಹಾರುವವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಅವರಲ್ಲಿ ಒಬ್ಬರೂ ಹೊಗೆಯ ಹತ್ತಿರ ಸುಳಿಯಲಿಲ್ಲ.

ಒಮ್ಮೆಯಾದರೂ ಹಾರಬೇಕೆಂಬ ಆಸೆಯನ್ನು ನಾನು ಬಹಳ ಕಾಲ ಯಾರಿಗೂ ಹೇಳಿರಲಿಲ್ಲ. ಕೊನೆಗೆ ಮಾಮಾನಿಗೆ ಹೇಳಿದೆ. ಅವರು ಇಬ್ಬರನ್ನು ಹೊರುವ ರೆಕ್ಕೆಯಲ್ಲೂ ತರಬೇತಿ ಪಡೆದು ಬಂದರು. ಹಾರಲು ಗೊತ್ತುಮಾಡಿದ ದಿನ ಸದಲಗಾದ ಬಂಧುಗಳೂ ಬುತ್ತಿ ಕಟ್ಟಿಕೊಂಡು ಗುಡ್ಡ ಹತ್ತಿದರು. ಹೆಲ್ಮೆಟ್ ಹಾಕಿದ್ದಾಯಿತು, ಬೆಲ್ಟು ಬಿಗಿದದ್ದಾಯಿತು. ಮಾಮಾ ಗಾಳಿಯ ಗತಿ ತಿಳಿಯಲು ಕೋಲಿಗೆ ಕಟ್ಟಿದ್ದ ಅರಿವೆಯನ್ನೇ ನೋಡುತ್ತ ನಿಂತರು. ಅದು ಒಮ್ಮೆ ಜೋತುಬೀಳುತ್ತಿತ್ತು, ಮರುಗಳಿಗೆ ಪಟಪಟ ಬಡಿಯುತ್ತಿತ್ತು.

“ಇವತ್ತ ಆಗೂದಿಲ್ಲ.”

“ಯಾಕ್ರಿ, ಅಂಜಿದ್ರೇನು?” ಯಾರೋ ಕೂಗಿದರು. ಗುಡ್ಡವೆಲ್ಲ ನಗು.

“ಹೌದು, ಅಂಜೇನಿ!” ಮಾಮಾ ಅಷ್ಟೇ ಜೋರಾಗಿ ಕೂಗಿದರು.

ನನಗೆ ಅಳು ಬರುವಂತಾಯಿತು. “ನೀವು ಇದಕ್ಕಿಂತ ಕೆಟ್ಟ ಗಾಳ್ಯಾಗ ಹಾರೀರಲ್ಲ ಮಾಮಾ?”

ಅವರು ನನ್ನ ಬೆಲ್ಟು ಬಿಚ್ಚುತ್ತಿದ್ದರು. ಎರಡು ಸಲ ಎಳೆದರೂ ಕೊಂಡಿ ಬಿಚ್ಚಲಿಲ್ಲ.

“ಹಾರೇನಿ, ಬಿದ್ದೇನಿ, ಊರಿಗೆಲ್ಲ ಹೇಳೇನಿ. ನಿನ್ನ ಕರ್ಕೊಂಡು ಬಿದ್ರ, ಅದನ್ನ ಹೇಳಾಕ ನನಗ ಬಾಯಿ ಎಲ್ಲಿ ಇರತೈತಿ, ನನ್ನವ್ವ?”

ಕೊಂಡಿಯನ್ನು ನಾನೇ ಬಿಚ್ಚಿಕೊಂಡೆ. ಗುಡ್ಡ ಇಳಿಯುವವರೆಗೂ ಅವರ ಕೈ ಬಿಡಲಿಲ್ಲ.